ಮಹಡಿ ಎಬ್ಬಿಸುವ ಮುನ್ನ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿಟ್ಟರು. ಕಟ್ಟಿದ ಮನೆಯನ್ನು ತಿದ್ದಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಆ ಕಾಲದಲ್ಲಿ ಹಿತ್ತಿಲಿಗೆ ಜಾಗದ ಕೊರತೆ ಇರಲಿಲ್ಲವಾದುದೇ ಇದಕ್ಕೆ ಕಾರಣವಿರಬೇಕು. ಕುಟುಂಬ ಬೆಳೆದರೆ ಹಿಂದುಗಡೆ ಇನ್ನೊಂದು ಅಂಕಣ ಎಬ್ಬಿಸಿದರಾಯಿತು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನದಲ್ಲಿ ಬಾಳುವ ಇಂದಿನ ಬೆಂಗಳೂರಿಗನಿಗೆ ಆ ಅನುಕೂಲವಿಲ್ಲ. ಮಗನಿಗೆ ಮದುವೆಯಾದರೆ, ಅಣ್ಣತಮ್ಮಂದಿರು ಬೇರೆಯಾದರೆ, ನಿವೃತ್ತಿಯ ಮೇಲೆ ನಾಲ್ಕು ಕಾಸು ಬಾಡಿಗೆ ಬರಲೆಂದು ಬಯಸಿದರೆ, ಅವನು ಇದ್ದ ಮನೆಯನ್ನೇ ಅಗಲಿಸಬೇಕು ಅಥವಾ ಎತ್ತರಿಸಬೇಕು. ಆಗ ಅವನ ಮುಂದೆ ನಿಲ್ಲುವ ಪ್ರಶ್ನೆಯೊಂದಿದೆ: “ಮನೆ ನಮ್ಮದು, ಹಣ ನಮ್ಮದು, ನಗರಪಾಲಿಕೆಯನ್ನು ಏಕೆ ಕೇಳಬೇಕು?”

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟುಗಳಲ್ಲಿ ಈ ಪ್ರಶ್ನೆ ಕೇಳಿಬರದ ಬೀದಿಯಿಲ್ಲ. ನಮ್ಮ ಸಹಪಾಠಿಗಳಲ್ಲಿಯೂ ಅನೇಕರ ಮನೆಗಳಲ್ಲಿ ಇದು ಊಟದ ಹೊತ್ತಿನ ಮಾತು. ತಂದೆಯವರು ಮೇಸ್ತ್ರಿಯನ್ನು ಕರೆಸುತ್ತಾರೆ. ಮೇಸ್ತ್ರಿ “ಪರವಾನಗಿ ಎಲ್ಲ ಏಕೆ ಸ್ವಾಮಿ, ಯಾರೂ ತೆಗೆಯುವುದಿಲ್ಲ” ಎನ್ನುತ್ತಾನೆ. ಇಲ್ಲಿಗೆ ವಿಚಾರ ಮುಗಿದಂತಾಗುವುದು. ಅದು ಇಲ್ಲಿಗೇ ಮುಗಿಯಬಾರದೆಂಬುದಕ್ಕೆ ಕಾರಣವನ್ನೂ, ಪರವಾನಗಿ ಪಡೆಯುವ ಕ್ರಮವನ್ನೂ ತಿಳಿದಮಟ್ಟಿಗೆ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಾರಣವನ್ನು ನೋಡೋಣ. ಕಟ್ಟಡದ ನಿಯಮಗಳು ಯಾವ ಅಧಿಕಾರಿಯ ತಲೆಯಲ್ಲಿಯೂ ಬಿಡುವಿನ ವೇಳೆಯಲ್ಲಿ ಹುಟ್ಟಿದವಲ್ಲ. ಜನ ನೊಂದ ಮೇಲೆ ಹುಟ್ಟಿದವು. 1666ರ ಮಹಾ ಅಗ್ನಿಯಲ್ಲಿ ಲಂಡನ್ ನಗರ ಸುಟ್ಟಮೇಲೆ, 1667ರ ಶಾಸನವು ಹೊಸ ಮನೆಗಳ ಗೋಡೆಗಳು ಇಟ್ಟಿಗೆ ಅಥವಾ ಕಲ್ಲಿನವೇ ಆಗಬೇಕೆಂದು ವಿಧಿಸಿತು. ನ್ಯೂಯಾರ್ಕಿನಲ್ಲಿ ಒಂದು ಭಾರಿ ಕಟ್ಟಡವು ಅಕ್ಕಪಕ್ಕದ ಬೀದಿಗಳನ್ನೆಲ್ಲ ನೆರಳಿಗೆ ನೂಕಿದಾಗ, 1916ರಲ್ಲಿ ಅಲ್ಲಿನ ನಗರಸಭೆ ಮೇಲಿನ ಅಂತಸ್ತುಗಳನ್ನು ಹಿಂದಕ್ಕೆ ಸರಿಸಿ ಕಟ್ಟಬೇಕೆಂಬ ನಿಯಮವನ್ನು ತಂದಿತು. ನಮ್ಮ ಬೆಂಗಳೂರಿಗೆ ಪಾಠ ಕಲಿಸಿದ್ದು ಪ್ಲೇಗು. 1898ರಲ್ಲಿ ಆ ಮಾರಿ ಹಳೆಯ ಪೇಟೆಯ ಇಕ್ಕಟ್ಟಾದ ಕೇರಿಗಳಿಗೆ ನುಗ್ಗಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಗಾಳಿ ಬೆಳಕುಗಳಿಲ್ಲದ ವಠಾರ ರೋಗದ ತವರೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ, ಮನೆಯ ಸುತ್ತ ತೆರಪಿನೊಡನೆ ರಚಿತವಾದುದು ಇದರ ಫಲವೆಂದೇ ಹೇಳಬೇಕು.

ಆ ಪರಂಪರೆಯೇ ದಕ್ಷಿಣಕ್ಕೆ ಬೆಳೆಯಿತು. 1945ರ ಕಾಯ್ದೆಯಂತೆ ಬೆಂಗಳೂರು ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. 1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರ್ಯರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. 1949ರಲ್ಲಿ ಸಿಟಿ ಮತ್ತು ದಂಡು ಪ್ರದೇಶಗಳೆರಡೂ ಕೂಡಿ ಒಂದೇ ಕಾರ್ಪೊರೇಷನ್ ಆದವು. 1976ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಹೊತ್ತ ಬಿ.ಟಿ.ಎಂ. ಲೇಔಟು ಪ್ರಾಧಿಕಾರದ ಕಾಲದ್ದು. 2007ರಲ್ಲಿ ರೂಪುಗೊಂಡ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳಾಗಿ ಒಡೆಯಿತು. ಜಯನಗರವು ದಕ್ಷಿಣ ನಗರಪಾಲಿಕೆಗೆ ಸೇರಿತು. ಕಚೇರಿಯ ಹೆಸರು ಎಷ್ಟು ಸಲ ಬದಲಾದರೂ ಅದು ಕೇಳುವ ಪ್ರಶ್ನೆಗಳು ಮಾತ್ರ ಬದಲಾಗಿಲ್ಲ. ಮನೆಗೆ ಬೆಳಕು ಬರುವುದೇ? ಗೋಡೆ ಭಾರ ತಡೆಯುವುದೇ? ಪಕ್ಕದವರಿಗೆ ಉಸಿರಾಡಲು ಜಾಗ ಉಳಿಯುವುದೇ?

ಹಾಗೆಂದು ಒಂದು ಮೊಳೆ ಹೊಡೆಯುವುದಕ್ಕೂ ಅಪ್ಪಣೆ ಬೇಕೆಂದು ಯಾರೂ ಹೆದರಬೇಕಾಗಿಲ್ಲ. ಸುಣ್ಣ ಬಣ್ಣ, ಗಾರೆಯ ತೇಪೆ, ನೆಲಕ್ಕೆ ಹೊಸ ಕಲ್ಲು ಹಾಕಿಸುವುದು, ಹೆಂಚು ಬದಲಿಸುವುದು, ಒಳಗೆ ತಡಿಕೆಯ ಗೋಡೆ ಇಡುವುದು, ಕಿಟಕಿ ಬಾಗಿಲುಗಳನ್ನು ತೆರೆಯುವುದು ಅಥವಾ ಮುಚ್ಚುವುದು, ತಮ್ಮ ಜಾಗದೊಳಗೇ ಸಜ್ಜ ಹಾಕಿಸುವುದು, ಇಂಥ ಕೆಲಸಗಳಿಗೆ ಪರವಾನಗಿ ಬೇಡವೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ. ಅದು ಇಡುವ ಷರತ್ತು ಒಂದೇ: ಕಟ್ಟಡದ ಬಲಕ್ಕಾಗಲಿ, ಬೆಂಕಿಯಿಂದ ಇರಬೇಕಾದ ರಕ್ಷಣೆಗಾಗಲಿ, ಇತರ ಸಾಮಾನ್ಯ ನಿಯಮಗಳಿಗಾಗಲಿ ಭಂಗ ಬರಬಾರದು. ಭಾರ ಹೊತ್ತ ಗೋಡೆಯನ್ನು ಒಡೆದು ಎರಡು ಕೋಣೆಗಳನ್ನು ಒಂದು ಮಾಡುವುದು ಈ ಪಟ್ಟಿಗೆ ಸೇರುವುದಿಲ್ಲ. ಹೊಸ ಕೋಣೆ, ಹೊಸ ಮಹಡಿ, ತೆರಪಿನ ಕಡೆಗೆ ಚಾಚುವ ಬಚ್ಚಲು, ತಾರಸಿಯ ಮೇಲಿನ ಬಾಡಿಗೆ ಕೋಣೆ, ಇವುಗಳಿಗೆಲ್ಲ ಪರವಾನಗಿ ಬೇಕು. ವಾಸದ ಮನೆಯನ್ನು ಅಂಗಡಿಯಾಗಿಯೋ ವಸತಿಗೃಹವಾಗಿಯೋ ಮಾರ್ಪಡಿಸುವುದಾದರೆ, ಒಂದು ಇಟ್ಟಿಗೆಯನ್ನೂ ಕದಲಿಸದಿದ್ದರೂ, ಬಳಕೆಯ ಬದಲಾವಣೆಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯು ಅನ್ವಯಿಸುವುದು. ಅಪಾರ್ಟ್‌ಮೆಂಟಿನಲ್ಲಿ ಇರುವವರು ತಮ್ಮ ಸಂಘದ ನಿಯಮಗಳನ್ನೂ ನೋಡಬೇಕು. ಅಲ್ಲಿ ಒಬ್ಬರ ಗೋಡೆ ಇನ್ನೊಬ್ಬರ ನೆಲಗಟ್ಟಿನ ಆಸರೆ.

ಇನ್ನು ಅಳತೆಯ ವಿಚಾರ. ಇಲ್ಲಿ ಮೂರು ಮಾತುಗಳನ್ನು ಅರ್ಥಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ಮೊದಲನೆಯದು ನಿವೇಶನದಲ್ಲಿ ಎಷ್ಟು ಭಾಗದ ಮೇಲೆ ಕಟ್ಟಡ ಕೂರಬಹುದೆಂಬುದು. ಎರಡನೆಯದು ಎಫ್.ಎ.ಆರ್. ಎಂದು ಎಲ್ಲರ ಬಾಯಲ್ಲಿಯೂ ಇರುವ ಲೆಕ್ಕ. ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣವು ನಿವೇಶನದ ಎಷ್ಟು ಪಾಲು ಇರಬಹುದೆಂಬುದು. ಮೂರನೆಯದು ಸೆಟ್‌ಬ್ಯಾಕ್, ಅಂದರೆ ಸುತ್ತ ಬಿಡಬೇಕಾದ ತೆರಪು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 2007ರಲ್ಲಿ ಅಂಗೀಕೃತವಾದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು, ಮುಖ್ಯ ವಸತಿ ವಲಯದಲ್ಲಿ 360 ಚದರ ಮೀಟರುವರೆಗಿನ ನಿವೇಶನಕ್ಕೆ, 12 ಮೀಟರುವರೆಗಿನ ರಸ್ತೆಯಲ್ಲಿ, ನೆಲದ ಮೇಲೆ ನೂರಕ್ಕೆ 75 ಪಾಲನ್ನೂ ಒಟ್ಟು ಅಂತಸ್ತುಗಳಿಗೆ 1.75ರ ಅನುಪಾತವನ್ನೂ ಗೊತ್ತುಮಾಡಿತು. 30 ಅಡಿಗೆ 40 ಅಡಿ ನಿವೇಶನವೆಂದರೆ 1,200 ಚದರ ಅಡಿ. ನೆಲದ ಮೇಲೆ ಹೆಚ್ಚೆಂದರೆ 900 ಚದರ ಅಡಿ, ಎಲ್ಲ ಅಂತಸ್ತುಗಳೂ ಸೇರಿ 2,100 ಚದರ ಅಡಿ ಆಗಬಹುದು. ಕೆಳಗೆ 800 ಚದರ ಅಡಿಯ ಮನೆಯಿದೆಯೆಂದಿಟ್ಟುಕೊಳ್ಳಿ. ಅದರ ಮೇಲೆ ಅಷ್ಟೇ ದೊಡ್ಡ ಮಹಡಿ ಎಬ್ಬಿಸಿದರೆ ಒಟ್ಟು 1,600. ಇದು ಮಿತಿಯೊಳಗೇ ಇದೆ. ಇನ್ನೊಂದು ಮಹಡಿಯನ್ನೂ ಪೂರ್ತಿಯಾಗಿ ಎಬ್ಬಿಸಿದರೆ 2,400 ಆಗಿ ಮಿತಿ ಮೀರುವುದು. ವಾಹನ ನಿಲ್ಲಿಸುವ ಜಾಗದಂಥ ಕೆಲವು ಭಾಗಗಳು ಈ ಲೆಕ್ಕಕ್ಕೆ ಬರುವುದಿಲ್ಲ; ತೆರಪಿನ ನಿಯಮದಿಂದ ಇದು ಇನ್ನಷ್ಟು ಕುಗ್ಗಲೂಬಹುದು. ಇಂಥ ಅಂಕಿಗಳಿಗೆ ಆಗಾಗ ತಿದ್ದುಪಡಿಗಳು ಬರುವುದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನೇ ನೋಡಬೇಕು. ಲೆಕ್ಕ ಮಾಡುವ ರೀತಿ ಮಾತ್ರ ಇದೇ.

ತೆರಪಿನ ಅರ್ಥವನ್ನು ತಿಳಿಯಲು ಗಣಿತವೂ ಬೇಡ. ಎರಡು ಮನೆಗಳ ನಡುವೆ ಆಚೆಯವರು ಮೂರು ಅಡಿ, ಈಚೆಯವರು ಮೂರು ಅಡಿ ಬಿಟ್ಟಿದ್ದಾರೆಂದುಕೊಳ್ಳೋಣ. ಎರಡು ಅಡಿಗೆಮನೆಗಳ ಕಿಟಕಿಗಳೂ ಆರು ಅಡಿಯ ಗಾಳಿಯನ್ನು ಹಂಚಿಕೊಳ್ಳುತ್ತವೆ. ಈಚೆಯವರು ಬಚ್ಚಲನ್ನು ಕಾಂಪೌಂಡಿನವರೆಗೂ ಚಾಚಿದರೆ ಅವರಿಗೆ ಮೂರು ಅಡಿ ಲಾಭವಾಯಿತು. ಆಚೆಯವರಿಗೆ ಅರ್ಧ ಗಾಳಿ ಹೋಯಿತು. “ಅವರು ಮಾಡಿದರಲ್ಲ” ಎಂದು ಆಚೆಯವರೂ ಚಾಚಿದರೆ ಇಬ್ಬರಿಗೂ ಏನೂ ಉಳಿಯಲಿಲ್ಲ. ಇಬ್ಬರೂ ಹಗಲಿನಲ್ಲಿಯೇ ದೀಪ ಹಾಕಿಕೊಂಡು ಅಡಿಗೆ ಮಾಡಬೇಕು. ಆದುದರಿಂದ ಸೆಟ್‌ಬ್ಯಾಕ್ ಎಂಬುದು ನಾವು ವ್ಯರ್ಥವಾಗಿ ಬಿಟ್ಟ ಜಾಗವಲ್ಲ. ನೆಲ ನಮ್ಮದಾದರೂ ಅದರ ಮೇಲಿನ ಗಾಳಿ ಇಬ್ಬರಿಗೂ ಸೇರಿದ ಆಸ್ತಿ.

ಈ ಮಾತಿಗೆ ನಮ್ಮಲ್ಲಿ ವಿಶೇಷವಾದ ತೂಕವಿದೆ. ಇಂಗ್ಲೆಂಡಿನಲ್ಲಿ ಮನೆಯನ್ನು ವಿಸ್ತರಿಸಲು ಅರ್ಜಿ ಬಂದರೆ ಸ್ಥಳೀಯ ಸಂಸ್ಥೆಯು ನೆರೆಹೊರೆಯವರಿಗೆ ತಿಳಿಸುತ್ತದೆ; ಅವರು ತಮ್ಮ ಆಕ್ಷೇಪಣೆಯನ್ನು ಬರೆದುಕೊಡಬಹುದು. ನಮ್ಮ ಕಟ್ಟಡ ಉಪವಿಧಿಗಳಲ್ಲಿ ಪಕ್ಕದ ಮನೆಯವರನ್ನು ಕೇಳುವ ಅಂಥ ಪದ್ಧತಿಯಿಲ್ಲ. ಹಾಗಾದರೆ ಅವರ ಪರವಾಗಿ ಮಾತಾಡುವವರು ಯಾರು? ಮಂಜೂರಾದ ನಕ್ಷೆಯೊಂದೇ. ಅದನ್ನು ಬದಿಗೊತ್ತಿದರೆ ಕಚೇರಿಯನ್ನಲ್ಲ, ಪಕ್ಕದ ಮನೆಯವರನ್ನು ಬದಿಗೊತ್ತಿದಂತೆ.

ಎರಡನೆಯ ಕಾರಣ ಭಾರದ್ದು. ಜಯನಗರದ ಹಳೆಯ ಬ್ಲಾಕುಗಳ ಎಷ್ಟೋ ಮನೆಗಳು ಕಂಬಗಳ ಮೇಲಲ್ಲ, ಇಟ್ಟಿಗೆಯ ಗೋಡೆಗಳ ಮೇಲೆಯೇ ನಿಂತಿವೆ. ಅವುಗಳ ತಳಪಾಯವನ್ನು ಹಾಕಿದವರು ಒಂದು ಅಂತಸ್ತನ್ನೋ ಎರಡನ್ನೋ ಮನಸ್ಸಿನಲ್ಲಿಟ್ಟಿದ್ದರು. ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು ಎರಡೂವರೆ ಟನ್ನು ತೂಗುವುದು. 800 ಚದರ ಅಡಿಯ ತಾರಸಿಯನ್ನು ಐದು ಅಂಗುಲ ದಪ್ಪಕ್ಕೆ ಹಾಕಿದರೆ ಆ ತಾರಸಿಯೊಂದರ ತೂಕವೇ ಸುಮಾರು 23 ಟನ್ನು. ಗೋಡೆಗಳು, ನೆಲಗಟ್ಟು, ಸಾಮಾನು, ಜನ ಇವೆಲ್ಲ ಬೇರೆ. 2,000 ಲೀಟರಿನ ನೀರಿನ ತೊಟ್ಟಿ ತುಂಬಿದರೆ ಎರಡು ಟನ್ನು. ಇದನ್ನೆಲ್ಲ ಕೆಳಗಿನ ಗೋಡೆ ಹೊತ್ತೀತೇ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು; ತಳಪಾಯವನ್ನು ಅಗೆದು ನೋಡಿ ಇಂಜಿನಿಯರು ಹೇಳಬೇಕು.

ಈ ಎಚ್ಚರಿಕೆ ತಪ್ಪಿದುದರ ಫಲವನ್ನು ನಮ್ಮ ಊರು ಕಂಡಿದೆ. 1983ರಲ್ಲಿ ಗಂಗಾರಾಮ್ ಕಟ್ಟಡವು ಕಟ್ಟುತ್ತಿರುವಾಗಲೇ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ, ಪಡೆದ ಪರವಾನಗಿಯನ್ನು ಮೀರಿ ಅಂತಸ್ತುಗಳನ್ನು ಏರಿಸುತ್ತಿದ್ದ ಕಟ್ಟಡ ನೆಲಕ್ಕುರುಳಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಇಂಥ ಕಡೆಗಳಲ್ಲಿ ಸಾಯುವವರು ಹೆಚ್ಚಾಗಿ ಹೊಟ್ಟೆಪಾಡಿಗಾಗಿ ದೂರದೂರುಗಳಿಂದ ಬಂದ ಕೂಲಿಯವರು. ನಕ್ಷೆಯಲ್ಲಿ ಎಷ್ಟು ಅಂತಸ್ತುಗಳಿವೆಯೆಂಬುದನ್ನು ಅವರಿಗೆ ಹೇಳುವವರಿರುವುದಿಲ್ಲ.

ಈಗ ಕ್ರಮಕ್ಕೆ ಬರೋಣ. ಮೊದಲು ಕಾಗದಪತ್ರಗಳು. ಕ್ರಯಪತ್ರ, ಖಾತೆ, ಈ ವರ್ಷದವರೆಗಿನ ತೆರಿಗೆಯ ರಸೀದಿ, ಹಿಂದೆ ಮಂಜೂರಾಗಿದ್ದ ನಕ್ಷೆ, ಇವಿಷ್ಟನ್ನು ಒಟ್ಟುಮಾಡಬೇಕು. ಟ್ರಸ್ಟ್ ಬೋರ್ಡಿನಿಂದಲೋ ಪ್ರಾಧಿಕಾರದಿಂದಲೋ ಹಂಚಿಕೆಯಾದ ನಿವೇಶನವಾದರೆ ಸ್ವಾಧೀನ ಪತ್ರ ಮತ್ತು ಶುದ್ಧ ಕ್ರಯಪತ್ರಗಳನ್ನು ಹುಡುಕಿಡಬೇಕು. ಎಷ್ಟೋ ಮನೆಗಳಲ್ಲಿ ಕೆಲಸ ನಿಲ್ಲುವುದು ಇಲ್ಲಿಯೇ. ಮನೆ ತಾತನವರ ಹೆಸರಿನಲ್ಲಿಯೇ ಇರುತ್ತದೆ. ತಾತನವರು ಕಾಲವಾಗಿ ಇಪ್ಪತ್ತು ವರ್ಷಗಳಾಗಿರುತ್ತವೆ. ಖಾತೆಯನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಹಡಿಯ ಯೋಚನೆ ಬಂದ ದಿನವೇ ಈ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು. ಮೇಸ್ತ್ರಿಗೆ ಮುಂಗಡ ಕೊಡುವುದು ಆಮೇಲೆ.

ಎರಡನೆಯದು ನಕ್ಷೆ. ಇದನ್ನು ನೋಂದಾಯಿತ ವಾಸ್ತುಶಿಲ್ಪಿ ಅಥವಾ ಇಂಜಿನಿಯರು ಬರೆದು ಸಹಿ ಹಾಕಬೇಕು. ಸಾಮಾನ್ಯವಾಗಿ ಒಂದಕ್ಕೆ ನೂರರ ಪ್ರಮಾಣ, ಎಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲಿನ ಒಂದು ಮೀಟರು. ಮಾರ್ಪಾಟಿನ ನಕ್ಷೆಯಲ್ಲಿ ಬಣ್ಣಗಳೇ ಕಥೆ ಹೇಳುತ್ತವೆ: ಕೆಡವುವ ಭಾಗಕ್ಕೆ ಹಳದಿಯ ಗೆರೆಗಳು, ಹೊಸದಾಗಿ ಕಟ್ಟುವ ಭಾಗಕ್ಕೆ ಕೆಂಪು. ಮನೆಯವರು ಈ ಹಾಳೆಯನ್ನು ಸುಮ್ಮನೆ ಸಹಿ ಹಾಕಿ ಕಳುಹಿಸದೆ, ಮೇಜಿನ ಮೇಲೆ ಹರಡಿ ಎಲ್ಲರೂ ನೋಡಬೇಕು. ಅಜ್ಜಿಗೆ ಕೆಳಗಿನ ಅಂತಸ್ತಿನಲ್ಲಿಯೇ ಬಚ್ಚಲಿದೆಯೇ, ಮೆಟ್ಟಿಲು ಬಹಳ ಕಡಿದಾಯಿತೇ, ಪಕ್ಕದವರ ಕಿಟಕಿಗೆ ನಮ್ಮ ಗೋಡೆ ಎದುರಾಗುವುದೇ ಎಂಬುದೆಲ್ಲ ಈಗ ರಬ್ಬರಿನಿಂದ ಅಳಿಸಬಹುದಾದ ತಪ್ಪುಗಳು. ಆಮೇಲೆ ಹಾರೆಯಿಂದಲೇ ಅಳಿಸಬೇಕು.

ಅಂಗಳದಲ್ಲಿ ಮರವಿದ್ದರೆ ಇನ್ನೊಂದು ಮಾತು. ಮಹಡಿಗೆ ಅಡ್ಡವೆಂದು ತಾವೇ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಹಾಗೆಯೇ ಮಳೆಯ ನೀರು. 2009ರ ತಿದ್ದುಪಡಿಯ ನಂತರ 30ಕ್ಕೆ 40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಿಗೂ, 60ಕ್ಕೆ 40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ ಮಳೆನೀರಿನ ಸಂಗ್ರಹ ಕಡ್ಡಾಯವಾಯಿತು. ನೂರು ಚದರ ಮೀಟರಿನ ತಾರಸಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ನೂರು ಲೀಟರು ನೀರು. ವರ್ಷಕ್ಕೆ 900 ಮಿಲಿಮೀಟರೆಂದು ಹಿಡಿದರೂ 90,000 ಲೀಟರಾಯಿತು. ತಾರಸಿ ಹಾಕುವಾಗಲೇ ಇಳಿಜಾರನ್ನೂ ಕೊಳವೆಯನ್ನೂ ಸರಿಯಾಗಿ ಇಟ್ಟರೆ ಖರ್ಚು ಅಲ್ಪ. ಇದನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಜಲಮಂಡಳಿಯವರು ಜಯನಗರದ ಐದನೆಯ ಬ್ಲಾಕಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಕೇಂದ್ರವನ್ನೇ ಮಾಡಿಟ್ಟಿದ್ದಾರೆ.

ಮೂರನೆಯದು ಅರ್ಜಿ. ಅಂತರ್ಜಾಲದ ಮೂಲಕವೇ ಸಲ್ಲಿಸುವ ವ್ಯವಸ್ಥೆ ಬಂದಮೇಲೆ ಕಚೇರಿಯ ಮೆಟ್ಟಿಲು ಹತ್ತುವ ಶ್ರಮ ತಗ್ಗಿತು. 2024ರಲ್ಲಿ ಆಗಿನ ಮಹಾನಗರ ಪಾಲಿಕೆಯು “ನಂಬಿಕೆ ನಕ್ಷೆ” ಎಂಬ ಯೋಜನೆಯನ್ನು ತಂದಿತು. 50ಕ್ಕೆ 80 ಅಡಿವರೆಗಿನ ನಿವೇಶನದ ವಾಸದ ಮನೆಗಳಿಗೆ, ಪಾಲಿಕೆಯ ಪಟ್ಟಿಯಲ್ಲಿರುವ ವಾಸ್ತುಶಿಲ್ಪಿ ಅಥವಾ ಇಂಜಿನಿಯರ ಮೂಲಕ ತಾತ್ಕಾಲಿಕ ಮಂಜೂರಾತಿ ಮೊದಲು ದೊರೆತು, ಪರಿಶೀಲನೆ ಆಮೇಲೆ ನಡೆಯುವುದು ಇದರ ಕ್ರಮ. ಹೆಸರೇ ಹೇಳುವಂತೆ ಇಲ್ಲಿ ನಂಬಿಕೆ ನಮ್ಮ ಮೇಲೆ. ತಪ್ಪು ಅಳತೆ ಕೊಟ್ಟರೆ ಹೊಣೆಯೂ ನಮ್ಮದೇ.

ಮಂಜೂರಾತಿ ಬಂದೊಡನೆ ಕೆಲಸ ಮುಗಿಯಲಿಲ್ಲ. ನಕ್ಷೆಯ ಪ್ರತಿಯನ್ನು ಕೆಲಸ ನಡೆಯುವ ಕಡೆ ಕಾಣುವಂತೆ ಇಡಬೇಕು. ಮುಗಿದ ಮೇಲೆ ಸ್ವಾಧೀನಾನುಭವ ಪತ್ರ ಪಡೆಯಬೇಕು. ಕಟ್ಟುವಾಗ ಅಲ್ಪಸ್ವಲ್ಪ ಹೆಚ್ಚುಕಡಿಮೆ ಆಗುವುದು ಸಹಜವೆಂದು 2003ರ ಉಪವಿಧಿಗಳೂ ಒಪ್ಪಿದ್ದುವು. ನೂರಕ್ಕೆ ಐದರವರೆಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಮನ್ನಿಸಲು ಅವುಗಳಲ್ಲಿ ಅವಕಾಶವಿತ್ತು. ಕೊನೆಗೆ ಆಸ್ತಿ ತೆರಿಗೆಯ ಲೆಕ್ಕದಲ್ಲಿ ಹೊಸ ವಿಸ್ತೀರ್ಣವನ್ನು ಸೇರಿಸಬೇಕು.

ಇದೆಲ್ಲವನ್ನೂ ಬಿಟ್ಟು ಕಟ್ಟಿದರೆ ಏನಾಗುವುದು? ಎಷ್ಟೋ ವರ್ಷ ಏನೂ ಆಗದೆಯೂ ಇರಬಹುದು. ಮೇಸ್ತ್ರಿಯ ಮಾತಿಗೆ ಬಲ ಬರುವುದು ಇದರಿಂದಲೇ. ಆದರೆ ಪಾಲಾಗುವಾಗ, ಮಾರುವಾಗ, ಮಗಳ ಓದಿಗೆಂದು ಮನೆಯ ಮೇಲೆ ಸಾಲ ಕೇಳುವಾಗ ನಕ್ಷೆಯನ್ನು ತೋರಿಸೆನ್ನುತ್ತಾರೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಈ ಪತ್ರವನ್ನು ನೋಡಿಯೇ ವಿದ್ಯುತ್ತು, ನೀರು ಮತ್ತು ಬ್ಯಾಂಕಿನ ಸಾಲ ಕೊಡಬೇಕೆಂದು ನಿರ್ದೇಶಿಸಿತು. 2025ರಲ್ಲಿ ಕರ್ನಾಟಕದಲ್ಲಿ ಎಷ್ಟೋ ಹೊಸ ಮನೆಗಳಿಗೆ ವಿದ್ಯುತ್ ಸಂಪರ್ಕ ಸಿಗದೆ ಹೋಯಿತು. ಆ ವರ್ಷದ ಕೊನೆಯ ಭಾಗದಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಸರಕಾರ ವಿನಾಯಿತಿ ಕೊಟ್ಟಿತು. ಅದು ಸ್ವಾಧೀನಾನುಭವ ಪತ್ರದ ವಿನಾಯಿತಿ, ನಕ್ಷೆಯೇ ಬೇಡವೆಂದಲ್ಲ.

“ಎಂದಾದರೂ ಸಕ್ರಮ ಮಾಡುತ್ತಾರೆ” ಎಂದು ಕಾಯುವವರೂ ಉಂಟು. ವಾಸದ ಮನೆಗಳಲ್ಲಿ ತೆರಪಿನ ಉಲ್ಲಂಘನೆ ನೂರಕ್ಕೆ 50ರವರೆಗೆ ಇದ್ದರೆ ಹಣ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮ ಯೋಜನೆಯನ್ನು ಕರ್ನಾಟಕ ಹೈಕೋರ್ಟು 2016ರಲ್ಲಿ ಎತ್ತಿಹಿಡಿಯಿತಾದರೂ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಅಂಥ ಯೋಜನೆಯನ್ನು ನಂಬಿ ತಳಪಾಯ ಹಾಕುವುದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಅಲ್ಲದೆ, ದಂಡ ಹೋಗುವುದು ಖಜಾನೆಗೆ. ಬೆಳಕು ಕಳೆದುಕೊಂಡ ಪಕ್ಕದ ಮನೆಗೆ ಅದರಿಂದ ಒಂದು ಕಿರಣವೂ ಮರಳುವುದಿಲ್ಲ.

ಜನರ ದೂರಿನಲ್ಲಿಯೂ ನಿಜವಿಲ್ಲದಿಲ್ಲ. ನಿಯಮಗಳ ಭಾಷೆ ಸಾಮಾನ್ಯರಿಗೆ ಕಬ್ಬಿಣದ ಕಡಲೆ. ಅಲೆದಾಟ, ವಿಳಂಬ, ನಡುವಿನ ದಲ್ಲಾಳಿಗಳು, ಈ ಮೂರೂ ಪ್ರಾಮಾಣಿಕನನ್ನು ಸಹ ಬೇಸರಪಡಿಸುತ್ತವೆ. ಶುಲ್ಕವೂ ಇಂಜಿನಿಯರ ಸಂಭಾವನೆಯೂ ಮಧ್ಯಮ ವರ್ಗದ ಕುಟುಂಬಕ್ಕೆ ಹಗುರವಲ್ಲ. ಇವುಗಳಿಗೆ ಪರಿಹಾರ ಬೇಕು; ಅದಕ್ಕಾಗಿಯೇ 2011ರ ಸಕಾಲ ಕಾಯ್ದೆ, 2005ರ ಮಾಹಿತಿ ಹಕ್ಕು ಕಾಯ್ದೆಗಳು ಬಂದುವು. ಅವುಗಳನ್ನು ಬಳಸಲು ತಂದೆತಾಯಿಗಳಿಗೆ ನೆರವಾಗುವುದು ಪದವಿ ತರಗತಿಯಲ್ಲಿ ಪೌರನ ಹಕ್ಕು ಬಾಧ್ಯತೆಗಳನ್ನು ಓದುವ ನಮಗೆ ಕಷ್ಟವಾಗಬಾರದು. ಅರ್ಜಿ ತುಂಬಬಲ್ಲವರು ಮನೆಯಲ್ಲೊಬ್ಬರಿದ್ದರೆ ದಲ್ಲಾಳಿಗೆ ಕೊಡುವ ಹಣವಾದರೂ ಉಳಿಯುವುದು.

ಮನೆಯಲ್ಲಿ ಮಹಡಿಯ ಮಾತು ಬಂದಾಗ ನಾವು ಮಾಡಬಹುದಾದುದು ಇಷ್ಟೆ. ಹಳೆಯ ನಕ್ಷೆಯನ್ನು ಪೆಟ್ಟಿಗೆಯಿಂದ ತೆಗೆಸೋಣ. ಅಳತೆಪಟ್ಟಿ ಹಿಡಿದು ಕಾಂಪೌಂಡಿನಿಂದ ಗೋಡೆಯವರೆಗೆ ಎಷ್ಟಿದೆಯೆಂದು ಅಳೆಯೋಣ. ಅರ್ಜಿ ಹಾಕುವ ಮುಂಚೆ, ಕಾನೂನು ಕೇಳದಿದ್ದರೂ, ಪಕ್ಕದ ಮನೆಯವರಿಗೆ ಆ ಹಾಳೆಯನ್ನು ಒಮ್ಮೆ ತೋರಿಸೋಣ. ನಾಳೆ ಅವರ ಮನೆಯಲ್ಲಿ ಮಹಡಿ ಏಳುವಾಗ ಅವರೂ ನಮಗೆ ತೋರಿಸಿಯಾರು.